ಕೌಂಟರಿನ ಮೇಲಿನ ಪೆಪ್ಪರ್‌ಮೆಂಟ್

ಇವನು ಅಪ್ಪನಂತೂ ಅಲ್ಲ. ಲಾಡ್ಜಿನ ರಿಸೆಪ್ಷನಿಸ್ಟ್ ಒಂದೇ ನೋಟಕ್ಕೆ ತೀರ್ಮಾನಿಸಿದಳು. ಕಾಲರ್ ಸವೆದ ಅಂಗಿ, ವಾರದ ಗಡ್ಡ, ಬಗ್ಗಿದ ತಲೆ. ಪಕ್ಕದಲ್ಲಿ ಹತ್ತರ ಆಸುಪಾಸಿನ ಹುಡುಗಿ. ಇಬ್ಬರ ಕೈಯಲ್ಲೂ ಒಂದು ಚೀಲವೂ ಇಲ್ಲ. ಮಕ್ಕಳ ಕಳ್ಳಸಾಗಣೆ ತಡೆಯುವ ತರಬೇತಿ ಪಡೆದು, ಬ್ಯಾಡ್ಜ್ ಚುಚ್ಚಿಕೊಂಡು ಅವಳಿಗೆ ಎರಡು ತಿಂಗಳಾಗಿತ್ತು. ಅಲ್ಲಿ ಹೇಳಿಕೊಟ್ಟ ಲಕ್ಷಣಗಳೆಲ್ಲ ಕಾಲು ಬಂದು ಎದುರು ನಿಂತಂತಿತ್ತು.

"ನಿನ್ನ ಹೆಸರೇನು ಪುಟ್ಟಿ?"

ಹುಡುಗಿ ಬ್ಯಾಡ್ಜನ್ನೇ ನೋಡಿದಳು.

"ನೀವು ಇವಳಿಗೆ ಏನಾಗ್ಬೇಕು?"

"ಅಪ್ಪ," ಎಂದ, ನೆಲ ನೋಡುತ್ತ. ಆ ಒಂದು ಮಾತು ಹೇಳುವಷ್ಟರಲ್ಲೇ ನಾಚಿಕೆಯಿಂದ ಕುಗ್ಗಿಹೋಗಿದ್ದ. "ರೂಮು ಅವಳೇ ನೋಡಿ ಹೇಳ್ಬೇಕು ಮೇಡಂ."

"ಮೊದ್ಲು ಗುರುತಿನ ಚೀಟಿ. ಮಗೂದೂ ಬೇಕು."

"ಎಲ್ಲರ ಹತ್ರಾನೂ ಕೇಳ್ತೀರಾ?"

"ಎಲ್ಲರ ಹತ್ರಾನೂ."

ಹಸಿ ಸುಳ್ಳು. ಒಳ್ಳೆಯ ಬಟ್ಟೆಯವರನ್ನು ಕಾಯಿಸುವುದು ಅವಳ ಜಾಯಮಾನವಲ್ಲ. ಅಂಥವರು ಬಂದರೆ ಪುಸ್ತಕದಲ್ಲಿ ತಾನೇ 'ದಂಪತಿ, ಒಂದು ಮಗು' ಎಂದು ಗೀಚಿ, ಬಟ್ಟಲಿನಿಂದ ಮಗುವಿಗೊಂದು ಪೆಪ್ಪರ್‌ಮೆಂಟ್ ಕೊಟ್ಟು, ನಗುತ್ತ ಬೀಗದ ಕೈ ಚಾಚುತ್ತಿದ್ದಳು. ಗಿರಾಕಿಗಳಿಗೆ ಅವಳೆಂದರೆ ಅಚ್ಚುಮೆಚ್ಚು.

ಅಷ್ಟರಲ್ಲಿ ಹುಡುಗಿ ಬೀರುವಿನ ಹಿಂದೆ ಮರೆಯಾಗಿದ್ದ ಮೆಟ್ಟಿಲಿನ ಬಳಿ ಹೋಗಿ ನಿಂತಿದ್ದಳು. ಹೊಸಬರಿಗೆ ಅದನ್ನು ಕೈ ತೋರಿಸಿಯೇ ಹೇಳಬೇಕಿತ್ತು. ತಪ್ಪಿಸಿಕೊಳ್ಳೋಕೆ ದಾರಿ ಹುಡುಕ್ತಿದೆ ಪಾಪ, ಎಂದುಕೊಂಡು ರಿಸೆಪ್ಷನಿಸ್ಟ್ ಒಳಕೋಣೆಗೆ ಹೋಗಿ ಪೊಲೀಸರಿಗೆ ಫೋನ್ ಮಾಡಿದಳು.

ಫೋನಿಟ್ಟು ಹೊರಬರುವಷ್ಟರಲ್ಲಿ ಮಹಿಳಾ ಇನ್‌ಸ್ಪೆಕ್ಟರ್ ಬಾಗಿಲಲ್ಲಿದ್ದರು.

"ಇವನೇ ಮೇಡಂ," ಎಂದು ಬೆರಳು ತೋರಿದಳು.

"ಅಪ್ಪನೇ ಅವರು. ನಾವೂ ಜೊತೇಲೇ ಬಂದಿದ್ವಿ, ಹೊರಗಿದ್ವಿ. ಓದಿಸ್ತೀವಿ ಅಂದ ಗಂಡ ಹೆಂಡತೀನ ನಂಬಿ ಮಗಳನ್ನ ಕಳಿಸಿಬಿಟ್ಟಿದ್ರು. ಮೊನ್ನೆ ಸಿಕ್ಕಿದ್ಲು."

ಇನ್‌ಸ್ಪೆಕ್ಟರ್ ಪುಸ್ತಕವನ್ನು ತಮ್ಮತ್ತ ತಿರುಗಿಸಿಕೊಂಡು ಮೂರು ವಾರದ ಹಿಂದಿನ ಹಾಳೆ ತೆಗೆದರು. 'ದಂಪತಿ, ಒಂದು ಮಗು.' ಅಕ್ಷರ ರಿಸೆಪ್ಷನಿಸ್ಟಳದೇ. ಅಷ್ಟು ಹೊತ್ತು ಚಾಚಿದ್ದ ಬೆರಳನ್ನು ಎಲ್ಲಿ ಬಚ್ಚಿಡುವುದೆಂದು ಅವಳಿಗೆ ತಿಳಿಯಲಿಲ್ಲ. ಆ ಮಗುವಿನ ಮುಖವನ್ನು ನೆನೆಯಲು ನೋಡಿದಳು. ನೋಡಿದ್ದರಲ್ಲವೇ ನೆನಪಾಗುವುದು.

"ಅವತ್ತು ಇಲ್ಲಿ ಯಾರಿದ್ರು ಪುಟ್ಟಾ?" ಇನ್‌ಸ್ಪೆಕ್ಟರ್ ಕೇಳಿದರು.

ಹುಡುಗಿ ಬಂದು ಮುಷ್ಟಿ ತೆರೆದು, ಕಾಗದ ಬಿಚ್ಚದ ಪೆಪ್ಪರ್‌ಮೆಂಟೊಂದನ್ನು ಕೌಂಟರಿನ ಮೇಲಿಟ್ಟಳು.

"ಇದೇ ಆಂಟಿ. ನಾನು ಅಳ್ತಾ ಇದ್ದೆ. ಅವತ್ತು ಹೆಸರು ಕೇಳ್ಲಿಲ್ಲ."