ಹದಿನೆಂಟನೆಯ ಮುಖ

ಮತ್ತೆ ಅಳಿಸಿದ್ದರು. ಗೋಡೆಯ ಮೇಲೆ ಹದಿನೇಳು ಮುಖ ಇದ್ದ ಹಾಗೇ ಇದ್ದವು, ಹದಿನೆಂಟನೆಯದು ಮಾತ್ರ ಇರಲಿಲ್ಲ. ಇದು ನಾಲ್ಕನೇ ಸಲ.

ಬೋರ್ಡ್ ಬರೆಯುವವನು ಬಣ್ಣದ ಡಬ್ಬಿಯನ್ನು ನೆಲಕ್ಕೆ ಕುಕ್ಕಿದ. ಎದುರಿನ ಎಣ್ಣೆ ಕಂಪನಿಯ ಕಚೇರಿಗೆ ಕೇಳುವಂತೆ ಕೂಗಿದ. "ಅಳಿಸಿದವರ ಕೈ ಸೇದಿಹೋಗ!"

ಎಣ್ಣೆ ಬಾವಿಗಳಿಗಾಗಿ ನಡೆದ ಯುದ್ಧದಲ್ಲಿ ಹೋದ ಡ್ರೈವರುಗಳ ಮುಖಗಳು ಅವು. ಎಣ್ಣೆ ಬೆಲೆ ಏರಿದಷ್ಟೂ ಕಂಪನಿ ಗುಂಡು ಹಾರುವ ದಾರಿಯಲ್ಲೇ ಹೆಚ್ಚೆಚ್ಚು ಟ್ಯಾಂಕರ್ ಓಡಿಸಿತು. ಪೆಟ್ರೋಲ್ ಬಂಕಿನ ಬೋರ್ಡಿನ ಮೇಲೆ ವಾರವಾರವೂ ಆ ಬೆಲೆ ತಿದ್ದಿದವನು ಇವನೇ. ಟ್ಯಾಂಕರ್ ಓಡಿಸಿದವರಲ್ಲಿ ಇವನ ಮಗನೂ ಒಬ್ಬ. ಹದಿನೇಳು ಡ್ರೈವರುಗಳ ಹೆಣ ಬಂತು. ಮಗನ ಟ್ಯಾಂಕರ್ ಉರಿದ ಜಾಗದಲ್ಲಿ ಬೂದಿ ಬಿಟ್ಟು ಏನೂ ಸಿಗಲಿಲ್ಲ. ಕಂಪನಿಯ ಪಟ್ಟಿಯಲ್ಲಿ ಅವನಿನ್ನೂ 'ಕಾಣೆಯಾದವನು'. ಸತ್ತನೆಂದು ಒಪ್ಪಿದರೆ ಉತ್ತರ ಹೇಳಬೇಕಲ್ಲ! ಅದಕ್ಕೇ ಅಪ್ಪ ಬೀದಿ ನಲ್ಲಿ ಪಕ್ಕದ ಗೋಡೆಯ ಮೇಲೆ ಮಗನದೂ ಸೇರಿಸಿ ಹದಿನೆಂಟು ಮುಖ ಬರೆದಿದ್ದ.

ಅಳಿಸಿದವರ ಕೈ ಪಳಗಿದ್ದು. ಹಸಿ ಬಣ್ಣವನ್ನು ಟರ್ಪೆಂಟೈನ್ ಬಟ್ಟೆಯಲ್ಲಿ ಅಂಚಿನಿಂದ ಒಳಕ್ಕೆ ಒರೆಸಿದ್ದರು, ಪಕ್ಕದ ಮುಖಕ್ಕೆ ಒಂದು ಹನಿ ತಾಗಿರಲಿಲ್ಲ. ಕಂಪನಿ ಯಾರೋ ಕಸುಬುದಾರನನ್ನೇ ಹಿಡಿದಿದೆ ಎಂದುಕೊಂಡ.

"ಅವನದೊಂದು ಬರೀಬೇಡಿ, ಬಿಡಿ," ಎಂದಳು ಹೆಂಡತಿ, ಅವನ ಬ್ರಷ್ಷುಗಳನ್ನು ತೊಳೆಯುತ್ತಾ. ಮಗ ಹೋದಾಗಿನಿಂದಲೂ ಅವಳು ಟೀಗೆ ಮೂರು ಲೋಟ ಇಡುತ್ತಿದ್ದಳು. ಯಾಕೆಂದು ಗಂಡ ಕೇಳುವುದನ್ನೇ ಬಿಟ್ಟಿದ್ದ.

"ಸುಮ್ನಿರೇ! ನಾನೂ ಬಿಟ್ರೆ ಅವನನ್ನ ನೆನೆಯೋರು ಯಾರು?"

"ಶಾಪ ಮಾತ್ರ ಹಾಕ್ಬೇಡಿ. ಅಳಿಸಿದವರಿಗೆ ಏನು ಸಂಕಟವೋ."

"ಸಂಕಟವಂತೆ, ಸಂಕಟ! ಕಂಪನಿಯವರಿಗೆ?"

ಐದನೇ ಸಲ ಅವನು ಯಾರಿಗೂ ಹೇಳದೆ ಬಣ್ಣಕ್ಕೆ ಒಂದು ಬಗೆಯ ನೇರಳೆ ರಂಗಿನ ಪುಡಿ ಬೆರೆಸಿದ. ಮೈಗೆ ಹತ್ತಿದರೆ ವಾರ ಉಜ್ಜಿದರೂ ಹೋಗದ ಪುಡಿ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಮುಖ ಬರೆದ. ಆ ಬ್ರಷ್ಷನ್ನು ಮನೆಗೆ ತರದೆ ಎಸೆದುಬಿಟ್ಟ.

ಮರುದಿನ ಬೆಳಿಗ್ಗೆ ಅವನು ಎದ್ದಾಗ ಹೆಂಡತಿ ಎಂದಿನಂತೆ ಕೊಡ ಹಿಡಿದು ನೀರಿಗೆ ಹೋಗಿದ್ದಳು. ಗೋಡೆಯ ಬಳಿ ಬಂದು ನೋಡಿದರೆ ಮುಖ ಮಾಯ. ಕಚೇರಿ ತೆರೆಯುವವರೆಗೂ ಬಾಗಿಲಲ್ಲೇ ಕಾದು ಒಳಗೆ ನುಗ್ಗಿದ. "ಎಲ್ರೂ ಕೈ ತೋರಿಸಿ!"

ಕಾವಲುಗಾರ ಎರಡೂ ಅಂಗೈ ಚಾಚಿದ. "ನನಗೂ ಮಕ್ಕಳಿದ್ದಾರಣ್ಣ. ಆ ಮುಖ ಮುಟ್ತೀನಾ?"

ಮ್ಯಾನೇಜರ್ ನಕ್ಕ. "ನೋಡ್ಕೊಳ್ಳಿ ಯಜಮಾನ್ರೇ. ನಮ್ಮ ಕೈ ಕ್ಲೀನ್."

ಮೈಯೆಲ್ಲ ಉರಿಯಿತು. ಆದರೇನು, ಕೈಗಳು ನಿಜಕ್ಕೂ ಸ್ವಚ್ಛವಾಗಿದ್ದವು. ಗುಮಾಸ್ತರದೂ ಅಷ್ಟೇ. ಸೋತು ಮನೆಗೆ ಬಂದು ತಲೆತಗ್ಗಿಸಿ ಕೂತ. ಮುಂದೆ ಲೋಟಗಳನ್ನಿಟ್ಟ ಸದ್ದಾಯಿತು.

"ಅವನು ಬಂದು ಆ ಗೋಡೆ ನೋಡಿದ್ರೆ ಏನಂದ್ಕೊಳ್ತಾನೆ, ಹೇಳಿ?" ಎಂದಳು ಹೆಂಡತಿ.

ಅವನು ತಲೆಯೆತ್ತಿದ. ಮೂರನೇ ಲೋಟಕ್ಕೆ ಟೀ ಬಗ್ಗಿಸುತ್ತಿದ್ದ ಅವಳ ಕೈ ಮಣಿಕಟ್ಟಿನವರೆಗೂ ನೇರಳೆಯಾಗಿತ್ತು.