ಗಾಲಿಯ ಹಿಂದಿನ ಕಲ್ಲು

ತಿಪ್ಪವ್ವ ಕಲ್ಲು ಎತ್ತಿದ್ದೇ ತಡ, ಏರಿನಲ್ಲಿ ನಿಂತಿದ್ದ ಬಾಡಿಗೆ ಮೋಟಾರು ಹಿಂದಕ್ಕೆ ಸರಿದು ಜಾಕು ವಾಲಿತು. ಪಂಚರಾದ ಗಾಲಿ ಬಿಚ್ಚುತ್ತಿದ್ದ ಡ್ರೈವರ್ ಫಕ್ಕೀರಪ್ಪ ಕೈ ಎಳೆದುಕೊಂಡು ಚೀರಿದ: "ಕಲ್ಲಿಡಬೇ ಯವ್ವಾ!" ಒಳಗೆ ಹೆರಿಗೆ ನೋವಿನಲ್ಲಿದ್ದ ತಿಪ್ಪವ್ವನ ಮಗಳೂ ಚೀರಿದಳು.

ತಿಪ್ಪವ್ವ ಕಲ್ಲನ್ನು ಮತ್ತೆ ನೆಲದ ಮೇಲಿದ್ದ ಗಾಲಿಯ ಹಿಂದೆ ತುರುಕಿದಳು. ಮೋಟಾರು ನಿಂತಿತು.

"ಯಾಕ ತಗದ್ರಿ?"

"ದಾರ್ಯಾಗ ಕಲ್ಲು ಬಿಟ್ಟು ಹೋದ್ರ ಹಿಂದ ಬರೋ ಚಕ್ಕಡಿಗೆ ಬಡೀತೈತಲ್ಲಪಾ. ಲಗೂನ ಹೊಂಡೂಣು ಅಂತ ಮೊದ್ಲ ತಗದೆ." ತಪ್ಪೇನೆಂದು ಅವಳಿಗೆ ತಿಳಿಯಲೇ ಇಲ್ಲ.

ಜಾಕು ನೆಟ್ಟಗೆ ಮಾಡಿ, ಬೇರೆ ಗಾಲಿ ಕೂಡಿಸಿ, ಮೋಟಾರು ಚಾಲೂ ಮಾಡಿ ಫಕ್ಕೀರಪ್ಪ ಕೂಗಿದ: "ಈಗ ತಗೀರಿ."

"ಖರೇನ ತಗೀಲಿ?"

"ತಗೀರಿ ಯವ್ವಾ!"

ತೆಗೆದಳು. ಆದರೆ ಎಸೆಯಲು ಧೈರ್ಯ ಬರದೆ ಕಲ್ಲನ್ನು ಉಡಿಯಲ್ಲಿಟ್ಟುಕೊಂಡೇ ಹತ್ತಿದಳು. ಹಾನಗಲ್ಲಿನ ದವಾಖಾನೆಯ ಮುಂದೆ, ಸಪಾಟು ನೆಲದಲ್ಲಿ, ಮೊದಲು ಗಾಲಿಯ ಹಿಂದೆ ಕಲ್ಲಿಟ್ಟು ಆಮೇಲೆ ಮಗಳ ಕೈ ಹಿಡಿದಳು.