ನೀಲವ್ವನ ಮನೆಯ ಗಣತಿ

ಜನ ನೂರೈವತ್ತು ವರ್ಷ ಬದುಕುವುದು ರೂಢಿಯಾಗಿ ಬಹಳ ಕಾಲವಾಗಿತ್ತು. ಹುಬ್ಬಳ್ಳಿ ಹೊರವಲಯದ ಬಡಾವಣೆಯೊಂದಕ್ಕೆ ಜನಗಣತಿಗೆ ಬಂದ ಶಿಕ್ಷಕ ಮುದಕಪ್ಪ, ಬಾಗಿಲು ತೆರೆದ ನೀಲವ್ವನ ವಯಸ್ಸು ಕೇಳಿದ.

"ನೂರಾ ನಾಕು."

ಅವನು 'ಅವಲಂಬಿತೆ' ಎಂದು ಬರೆಯಹೊರಟಾಗ ನೀಲವ್ವ ತಡೆದಳು. "ದುಡಿಯೋರು ಅಂತ ಬರೀರಿ. ಎಂಬತ್ತರ ತನಕ ಬಟ್ಟಿ ಹೊಲಿದೆ. ಆಮ್ಯಾಲೆ ಐಟಿಐ ಓದಿ ಬಸ್ ಡಿಪೋದಾಗ ಮೆಕ್ಯಾನಿಕ್ ಆಗೀನಿ."

ಮುದಕಪ್ಪ ತಿದ್ದಿ ಬರೆದ. "ಮನ್ಯಾಗ ಮತ್ಯಾರದಾರ್ರಿ?"

"ಮಗಳು ಗುರವ್ವ. ಎಂಬತ್ತೊಂದು ವರ್ಷ."

"ಅವರೂ ದುಡೀತಾರೇನ್ರಿ?"

ಅಷ್ಟರಲ್ಲಿ ಗುರವ್ವ ಗೇಟು ತೆರೆದು ಒಳಬಂದಳು. ಮೆಡಿಕಲ್ ಕಾಲೇಜಿನ ಮೊದಲ ವರ್ಷದಲ್ಲೇ ಎರಡು ಸಲ ಫೇಲಾಗಿದ್ದಳು. ಈ ಸಲವೂ ಪಾಸಾಗದಿದ್ದರೆ ಓದು ಬಿಡುತ್ತೇನೆಂದು ಅತ್ತಿದ್ದಳು.

"ಪಾಸಾದೆ, ಅವ್ವಾ," ಎಂದು ಅಂಕಪಟ್ಟಿ ಕೊಟ್ಟಳು.

ನೀಲವ್ವ ಸೆರಗಿಗೆ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ಒಂದೊಂದೇ ವಿಷಯದ ಮೇಲೆ ಬೆರಳಿಟ್ಟು ಕೊನೆಯವರೆಗೂ ಓದಿದಳು. ಕಣ್ಣು ತುಂಬಿ ಬಂತು. ಆಮೇಲೆ ಮುದಕಪ್ಪನ ಕಡೆ ತಿರುಗಿದಳು.

"ಇಲ್ರೀ ಮಾಸ್ತರ. ಆಕಿ ಇನ್ನೂ ಓದಾಕತ್ತಾಳ. ಡಾಕ್ಟರ್ ಆಗೂ ತನಕ ಮನಿ ಚಿಂತಿ ಮಾಡಬ್ಯಾಡ ಅಂತ ಹೇಳೀನಿ. ನಾ ಅದೀನಲ್ಲ."